ಮುದ್ದೆ ಬಿಟ್ಟ ಮಳೆಗಾಲ

ಕಳೆದ ತಿಂಗಳು ಉತ್ತರ ಪತ್ರಿಕೆ ತಿದ್ದುವ ಕೆಲಸಕ್ಕೆಂದು ರಾಮನಗರಕ್ಕೆ ಹೋಗಿದ್ದೆ. ಬಸ್ಸಿಳಿದಾಗಲೇ ಹೊತ್ತಾಗಿತ್ತು, ಒಳದಾರಿ ಹಿಡಿದೆ. ಅದು ರೇಷ್ಮೆ ನೂಲು ತೆಗೆಯುವವರ ಓಣಿ. ಬಿಸಿನೀರಲ್ಲಿ ಬೇಯುತ್ತಿದ್ದ ಗೂಡುಗಳ ವಾಸನೆ ಎರಡೂ ಬದಿಯ ಬಾಗಿಲುಗಳಿಂದ ಬಂದು ಮುಖಕ್ಕೆ ಬಡಿಯಿತು. ಈ ಕಡೆ ಹುಟ್ಟಿ ಬೆಳೆದವರು ಅದನ್ನು ವಾಸನೆಯೆಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾನೂ ತೆಗೆದುಕೊಂಡವಳಲ್ಲ. ಅವತ್ತು ಮಾತ್ರ ನಡುದಾರಿಯಲ್ಲೇ ಹಳೆಯ ಭಯವೊಂದು ಹಿಡಿದು ಯಾರದೋ ಮನೆಯ ಜಗಲಿಯ ಮೇಲೆ ಕೂತುಬಿಟ್ಟೆ. ಒಳಗಿನಿಂದ ಬಂದ ಹೆಂಗಸು, "ನೀರು ಬೇಕೇನಮ್ಮ? ಹೊಸಬರಿಗೆ ಈ ವಾಸ್ನೆ ಅಂಗೇ ಮಾಡ್ತದೆ," ಎಂದಳು. "ಹೊಸಬಳಲ್ಲ, ನಮ್ಮನೇಲೂ ಹುಳ ಸಾಕ್ತೀವಿ," ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ನಂಬದವಳ ಹಾಗೆ ಒಳಗೆ ಹೋಗಿ ನೀರು ತಂದುಕೊಟ್ಟಳು.

ಆ ವಾಸನೆಗೂ ನನ್ನ ಭಯಕ್ಕೂ ನೇರ ಸಂಬಂಧವಿಲ್ಲ. ನಾನು ಹೇಳಹೊರಟಿರುವ ಮಳೆಗಾಲದಲ್ಲಿ ಗೂಡು ಬೇಯುವುದನ್ನು ಒಮ್ಮೆಯೂ ನೋಡಿರಲಿಲ್ಲ. ನಮ್ಮ ಮನೆಯಲ್ಲಿದ್ದದ್ದು ಜೀವಂತ ಹುಳುಗಳು, ಹಸಿ ಸೊಪ್ಪಿನ ವಾಸನೆ. ಮೈ ಯಾವುದನ್ನು ಯಾವುದಕ್ಕೆ ಗಂಟು ಹಾಕಿ ಇಟ್ಟುಕೊಳ್ಳುತ್ತದೋ ಗೊತ್ತಿಲ್ಲ. ನಾನು ಇತಿಹಾಸ ಪಾಠ ಮಾಡುವವಳು. ಒಂದೇ ಸಾಕ್ಷಿಯನ್ನು ನಂಬಬೇಡಿ ಎಂದು ಮಕ್ಕಳಿಗೆ ಹೇಳುತ್ತೇನೆ. ಈ ಬರಹಕ್ಕೆ ಇರುವುದು ನಾನೊಬ್ಬಳೇ ಸಾಕ್ಷಿ, ಅದೂ ಮುಖ್ಯವಾದ ಹೊತ್ತಿನಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದ ಸಾಕ್ಷಿ. ದಿನಚರಿ ಬರೆಯುವ ಅಭ್ಯಾಸವಿದೆ, ನಿಜ. ಆದರೆ ಭಯದಲ್ಲಿ ಬರೆದ ದಿನಚರಿ ಭಯ ಹೇಳಿಕೊಟ್ಟದ್ದನ್ನೇ ಬರೆದುಕೊಂಡಿರುತ್ತದೆ.

ಎರಡು ವರ್ಷದ ಹಿಂದಿನ ಆಷಾಢ. ಸಾತನೂರಿನ ಹತ್ತಿರದ ನಮ್ಮ ಹಳ್ಳಿಯಿಂದ ಕನಕಪುರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಗಂಡ ನಾಗರಾಜನಿಗೆ ಬಿಡದಿಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. ಹಿಪ್ಪುನೇರಳೆ ತೋಟ, ಎರಡು ಹಸು, ಹುಳುಮನೆ ಎಲ್ಲವೂ ಅತ್ತೆಯ ಆಡಳಿತ. ಆ ವರ್ಷ ಕಾಲೇಜಿನಲ್ಲಿ ಎಲ್ಲರ ರಕ್ತ ಪರೀಕ್ಷೆ ಮಾಡಿಸಿದರು. ನಲವತ್ತೊಂದು ವಯಸ್ಸಿನ ನನಗೆ ಸಕ್ಕರೆ ಕಾಯಿಲೆ ಎಂದು ಬಂತು. ಕನಕಪುರದ ಡಾಕ್ಟರು ಸಮಾಧಾನವಾಗಿಯೇ ಹೇಳಿದರು: ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು ಮಾತ್ರೆ, ದಿನಾ ನಡಿಗೆ, ಮೂರು ತಿಂಗಳು ಬಿಟ್ಟು ಮತ್ತೆ ಬನ್ನಿ. ಮಾತ್ರೆ ನುಂಗಿದ ಮೇಲೆ ಊಟ ಬಿಡಬಾರದು ಎಂದೂ ಹೇಳಿದ್ದೆ ಎಂದು ಆಮೇಲೆ ಅವರು ಹೇಳಿದರು. ಹೇಳಿರಬಹುದು. ಆ ಕೋಣೆಯಲ್ಲಿ ನಾನು ನೋಡುತ್ತಿದ್ದದ್ದು ಅವರ ಮೇಜಿನ ಕೆಳಗೆ ಜೋಡಿಸಿಟ್ಟಂತಿದ್ದ ನನ್ನ ಎರಡು ಪಾದಗಳನ್ನು. ಅಷ್ಟು ಮಾತ್ರ ನೆನಪಿದೆ.

ಚನ್ನಪಟ್ಟಣದ ಬಸ್ ಡಿಪೋದಲ್ಲಿ ನಮ್ಮಪ್ಪ ಮೆಕ್ಯಾನಿಕ್ ಆಗಿದ್ದರು, ಅವರಿಗೂ ಇದೇ ಕಾಯಿಲೆಯಿತ್ತು. ಒಂದು ಸಂಜೆ ಮನೆಗೆ ಬಂದು ಬೂಟು ಬಿಚ್ಚಿದಾಗ ಒಳಗಿನಿಂದ ಕಬ್ಬಿಣದ ಒಂದು ನಟ್ಟು ಉರುಳಿತು. ಬೆಳಗಿನಿಂದ ಅದರ ಮೇಲೆ ನಡೆದಾಡಿದ್ದರು, ಗೊತ್ತೇ ಆಗಿರಲಿಲ್ಲ. ಕಾಲುಚೀಲ ರಕ್ತದಲ್ಲಿ ಅಂಟಿತ್ತು. ಅಪ್ಪ ನಕ್ಕು, "ನೋಡು, ನೋವೇ ಇಲ್ಲ," ಎಂದಿದ್ದರು. ಮೊದಲು ಬೆರಳು ಹೋಯಿತು, ನನ್ನ ಮದುವೆಯಾದ ಮೇಲೆ ಪಾದ, ಆಮೇಲೆ ಅಪ್ಪ. ನೋವಿಲ್ಲ ಎಂದು ಅವರು ನಕ್ಕ ನಗುವನ್ನು ನಾನು ಸರಿಯಾಗಿ ನೆನಪಿಟ್ಟುಕೊಂಡಿದ್ದೇನೋ, ಆಮೇಲೆ ಕಟ್ಟಿಕೊಂಡೆನೋ ಹೇಳಲಾರೆ. ಅಮ್ಮನನ್ನು ಕೇಳಿದರೆ, ಅವತ್ತು ನೀನು ಟ್ಯೂಷನ್‌ಗೆ ಹೋಗಿದ್ದೆ ಕಣೇ ಎನ್ನುತ್ತಾಳೆ.

ಕಾಯಿಲೆ ಗೊತ್ತಾದ ಮೇಲೆ ದಿನಾ ಬೆಳಿಗ್ಗೆ ಹಾಸಿಗೆಯಲ್ಲೇ ಪೆನ್ನಿನ ತುದಿಯಿಂದ ಕಾಲ್ಬೆರಳುಗಳನ್ನು ಒಂದೊಂದಾಗಿ ಚುಚ್ಚಿ ನೋಡಿಕೊಳ್ಳತೊಡಗಿದೆ. ನೋವಾದರೆ ಸಮಾಧಾನ.

ಕಾಲೇಜಿನಲ್ಲಿ ರಸಾಯನಶಾಸ್ತ್ರದ ರೇಖಾ ನನ್ನ ಪಕ್ಕದ ಕುರ್ಚಿಯವಳು. ಒಂದು ವರ್ಷದಲ್ಲಿ ಅರ್ಧ ಆಳಾಗಿದ್ದಳು. ಸ್ಟಾಫ್ ರೂಮಿನಲ್ಲಿ ಡಬ್ಬಿ ತೆಗೆದರೆ ಬೇಯಿಸಿದ ಮೊಟ್ಟೆ, ತುಪ್ಪದಲ್ಲಿ ಹುರಿದ ಹುರುಳಿಕಾಯಿ, ನೆನೆಸಿದ ಬಾದಾಮಿ. ಪೇಲಿಯೋ ಊಟ ಎನ್ನುತ್ತಿದ್ದಳು. ಧಾನ್ಯ, ಬೇಳೆಕಾಳು, ಹಾಲು, ಸಕ್ಕರೆ, ಬೆಲ್ಲ, ಆಲೂಗಡ್ಡೆ ಯಾವುದೂ ಇಲ್ಲ. ವ್ಯವಸಾಯ ಹುಟ್ಟುವ ಮೊದಲು ಮನುಷ್ಯ ತಿನ್ನುತ್ತಿದ್ದದ್ದು ಮಾತ್ರ: ಮಾಂಸ, ಮೀನು, ಮೊಟ್ಟೆ, ಸೊಪ್ಪು, ತರಕಾರಿ, ಕಾಯಿ, ಬೀಜ.

"ಸುಮಾ ಮೇಡಂ, ರಾಗಿ ಅಕ್ಕಿ ಎಲ್ಲ ಮೊನ್ನೆ ಮೊನ್ನೆ ಬಂದಿದ್ದು. ಅದಕ್ಕೆ ಮುಂಚೆ ಜನ ಬದುಕಿರ್ಲಿಲ್ವಾ? ನೀವೇ ಶಿಲಾಯುಗ ಪಾಠ ಮಾಡ್ತೀರಲ್ಲ," ಎಂದಳು.

"ಅವರು ಏನು ತಿಂತಿದ್ರು ಅಂತ ನಮಗೆ ಪೂರ್ತಿ ಗೊತ್ತಿಲ್ಲ ರೇಖಾ. ಕಲ್ಲು ಉಳೀತವೆ, ಸೊಪ್ಪು ಉಳಿಯಲ್ಲ."

"ಗೊತ್ತಿಲ್ದಿದ್ರೆ ಬೇಡ. ನನ್ನ ಸೊಂಟ ನೋಡಿ, ಸಾಕ್ಷಿ ಇಲ್ಲಿದೆ."

ಎಲ್ಲರೂ ನಕ್ಕರು. ನಾನು ನಗುತ್ತಲೇ ಚಪ್ಪಲಿಯೊಳಗೆ ಕಾಲ್ಬೆರಳುಗಳನ್ನು ಆಡಿಸಿ ನೋಡಿದೆ. ಅವಳಿಗೆ ಬೇಕಾದದ್ದು ಸೊಂಟ, ನನಗೆ ಬೇಕಾದದ್ದು ಕಾಲು. ನಾನು ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆಂದು ಅವಳಿಗೆ ಹೇಳಲಿಲ್ಲ. ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಕಾಯಿಲೆಯನ್ನು ಬಾಯಲ್ಲಿ ಆಡಿದರೆ ಅದು ಮನೆಯವರೆಗೂ ಹಿಂಬಾಲಿಸಿ ಬರುತ್ತದೆ ಎಂಬಂತಿತ್ತು. ಬಸ್ಸಿನಲ್ಲಿ ಕೂತು ಅವಳು ಕಳಿಸಿದ ವಿಡಿಯೋಗಳನ್ನು ಒಂದಾದ ಮೇಲೊಂದು ನೋಡಿದೆ. ಒಂದರಲ್ಲಿ, ಮೊದಲ ಕೆಲವು ವಾರ ತಲೆನೋವು, ನಿಶ್ಶಕ್ತಿ, ನಡುಕ ಇರುತ್ತದೆ, ಅದಕ್ಕೆ ಹೆದರಿ ಬಿಡಬೇಡಿ ಎಂದು ಒಬ್ಬರು ಹೇಳುತ್ತಿದ್ದರು. ಆ ಮಾತನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೆ.

ಮನೆಯಲ್ಲಿ ಅತ್ತೆಗೆ ಹೇಳುವುದು ಬೇರೆಯೇ ಸಂಗತಿ. ಅವರು ಒಲೆಯ ಮುಂದೆ ಕೂತು, ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಹಿಟ್ಟಿನ ಕೋಲಲ್ಲಿ ಮುದ್ದೆ ತಿರುವುತ್ತಿದ್ದರು.

"ನಂಗೆ ಮುದ್ದೆ ಬೇಡ ಅತ್ತೆ."

"ಯಾಕವ್ವ, ಉಪಾಸವಾ?"

"ಇಲ್ಲ. ಇನ್ಮೇಲೆ ಮುದ್ದೆ, ಅನ್ನ, ಬೇಳೆ, ಹಾಲು ಯಾವುದೂ ತಿನ್ನಲ್ಲ."

ಕೋಲು ನಿಂತಿತು. "ಮಿಕ್ಕಿದ್ದೇನವ್ವ ಮತ್ತೆ, ಮಣ್ಣಾ?"

"ಬಾಡು, ಮೊಟ್ಟೆ, ತರಕಾರಿ..."

"ಬಾಡ್ನ ಮುದ್ದೆ ಇಲ್ದೆ ಬರೀದಾಗಿ ತಿಂದಾರಾ ಯಾರಾನಾ? ನಾಯಿ ತಿಂತದೆ ಅಂಗೆ. ಸಕ್ಕರೆ ಕಾಯ್ಲೆಗೆ ರಾಗಿನೇ ಒಳ್ಳೇದು ಅಂತ ಟೀವೀಲಿ ಬತ್ತದಲ್ಲ?"

ನಾಗರಾಜ ಕೈ ತೊಳೆದು ಬಂದು ತಟ್ಟೆಯ ಮುಂದೆ ಕೂತ. "ಬುಡವ್ವಾ. ಇಷ್ಟು ವರ್ಷ ಆದಿಮಾನವರ ಪಾಠ ಮಾಡಿದ್ಲು, ಈಗ ಪ್ರಾಕ್ಟಿಕಲ್ ಮಾಡ್ತಾವ್ಳೆ. ನಾಳಿಕೆ ತೋಟದಾಗೆ ಒಂದು ಗುಹೆ ತೋಡ್ಸಿಕೊಡ್ತೀನಿ."

ಅತ್ತೆ ನಗಲಿಲ್ಲ. ತಿರುವಿದ ಮುದ್ದೆಯನ್ನು ಕಟ್ಟಿ ಅಭ್ಯಾಸದಂತೆ ಮೂರು ತಟ್ಟೆಗೆ ಇಟ್ಟು, ನನ್ನ ತಟ್ಟೆಯಿಂದ ತಾವೇ ತೆಗೆದರು. ಮುದ್ದೆ ಇದ್ದ ಜಾಗದಲ್ಲಿ ಒದ್ದೆಯ ಒಂದು ಉಂಗುರ ಉಳಿದಿತ್ತು. ಮುದ್ದೆ ತಿಂದು ಬೆಳೆದ ಮೈಗೆ ಮುದ್ದೆಯಿಲ್ಲದ ಹೊಟ್ಟೆ ಊಟದ ನಂತರವೂ ಊಟಕ್ಕೆ ಕಾಯುತ್ತಿರುವಂತೆ ಇರುತ್ತದೆ. ಆ ಮೊದಲ ವಾರ ನಾನು ಪಾಠದ ನಡುವೆ ವಾಕ್ಯ ಮರೆತು ನಿಂತದ್ದುಂಟು. ತಲೆ ಒಡೆದುಹೋಗುವಂತೆ ನೋಯುತ್ತಿತ್ತು. ಆದರೆ ಮನೆಯಲ್ಲಿ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುವ ಯಂತ್ರ ತಂದಿಟ್ಟುಕೊಂಡಿದ್ದೆ. ಅದರ ಅಂಕಿ ದಿನದಿನಕ್ಕೆ ಇಳಿಯುತ್ತಿತ್ತು. ಅಂಕಿ ಇಳಿದರೆ ಭಯವೂ ಇಳಿಯಬೇಕಿತ್ತು. ಹಾಗಾಗಲಿಲ್ಲ. ಇಷ್ಟು ಇಳಿಸಿದ್ದನ್ನು ಒಂದು ತುತ್ತಿನಲ್ಲಿ ಕಳೆದುಕೊಂಡರೆ ಎಂಬ ಹೊಸ ಭಯ ಸೇರಿಕೊಂಡಿತು. ಮಗ್ಗುಲಲ್ಲಿ ಯಾರಾದರೂ ಮುದ್ದೆ ಮುರಿದರೆ ನನ್ನ ಕಾಲ್ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತಿದ್ದವು.

ಊರಿಗೆಲ್ಲ ಸುದ್ದಿಯಾಗಿತ್ತು. ಪಕ್ಕದ ಮನೆಯ ಕೆಂಪಣ್ಣ, ಲಗೇಜ್ ಆಟೋ ಓಡಿಸುವವನು, ಬಸ್ಸಿಗೆ ಕಾಯುತ್ತಿದ್ದ ನನ್ನನ್ನು ಕಂಡು ಆಟೋ ನಿಲ್ಲಿಸಿದ. "ಏನ್ ಮೇಡಮ್ಮೋರೇ, ನಿಮ್ಮನೆ ಕೋಳಿಗೋಳು ನಮ್ಮ ಹಿತ್ತಲಲ್ಲಿ ಬಂದು ಅವಿತ್ಕಂಡವೆ. ನಿಮ್ಮ ದನಿ ಕೇಳುದ್ರೆ ಗಡಗಡ ನಡುಗ್ತವೆ. ಒಸಿ ಮುದ್ದೆ ತಿನ್ನಿ ಅಂತ ಹೇಳಿ ಕಳ್ಸವೆ." ಬೀಡಿ ಹೊಗೆಯ ನಡುವೆ ಅವನು ಕಿಸಕ್ಕನೆ ನಕ್ಕ. ನಾನೂ ನಕ್ಕೆ. ನಗುವಾಗ ಕೈ ನಡುಗುತ್ತಿತ್ತೆಂದು ದಿನಚರಿಯಲ್ಲಿ ಬರೆದಿದ್ದೇನೆ. ಪಕ್ಕದಲ್ಲೇ, "ಇದು ಒಳ್ಳೆಯ ಲಕ್ಷಣ" ಎಂದೂ ಬರೆದಿದ್ದೇನೆ.

ಶ್ರಾವಣ ಕಳೆದು ಮಳೆ ಹಿಡಿದ ಹೊತ್ತಿಗೆ ಮನೆಗೆ ಹುಳು ಬಂದವು. ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ನಿಂತು ಪೊರೆ ಕಳಚುತ್ತದೆ. ನಮ್ಮವರು ಅದನ್ನು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳುವಿಗೆ ಬಕಾಸುರನ ಹಸಿವು. ಒಂದು ವಾರದಷ್ಟು ಕಾಲ ಹಗಲಿರುಳೂ ಮೇಯುತ್ತದೆ, ಆಮೇಲೆ ಹಣ್ಣಾಗಿ, ಅಂದರೆ ಮೇವು ಬಿಟ್ಟು ಮೈ ಹಳದಿಗೆ ತಿರುಗಿ, ಗೂಡು ಕಟ್ಟುತ್ತದೆ. ಬೆಳೆ ಕೈಗೆ ಬರುವುದೂ ಹೋಗುವುದೂ ಆ ವಾರದಲ್ಲೇ. ನಮ್ಮ ಹುಳುಮನೆಗೂ ಅಡಿಗೆಮನೆಗೂ ಒಂದೇ ಗೋಡೆ. ಆ ವಾರ ಅತ್ತೆಯ ಕಾನೂನು ಕಠಿಣ. ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಮನೆಯವರೂ ಬಾಗಿಲ ಬಳಿಯ ಮದ್ದಿನ ನೀರಿನಲ್ಲಿ ಕಾಲು ಅದ್ದಿಯೇ ಹೋಗಬೇಕು. ಬೀಡಿ ಸೇದಿದವನು ಹತ್ತಿರ ಸುಳಿಯಬಾರದು. ಮತ್ತೆ ಮನೆಯಲ್ಲಿ ಬಾಡಿಲ್ಲ, ಮೀನಿಲ್ಲ, ಮೊಟ್ಟೆಯಿಲ್ಲ, ಒಗ್ಗರಣೆಯ ಘಾಟು ಕೂಡ ಇಲ್ಲ. ಆ ನಾತಕ್ಕೆ ಹುಳು ಮೇವು ಬಿಡುತ್ತವೆ ಎಂಬುದು ಅವರ ಅತ್ತೆಯ ಕಾಲದಿಂದ ಬಂದ ಮಾತು. ನಿಜವೋ ನಂಬಿಕೆಯೋ ನಾನು ಯಾವತ್ತೂ ಪರೀಕ್ಷಿಸಿಲ್ಲ. ಪರೀಕ್ಷಿಸುವಷ್ಟು ಧೈರ್ಯ ಆ ಮನೆಯಲ್ಲಿ ಯಾರಿಗೂ ಇಲ್ಲ.

"ಒಂದ್ ವಾರ ತಾನೇ, ಮುದ್ದೆ ಉಣ್ಣು. ಏನಾಗಕಿಲ್ಲ," ಎಂದ ನಾಗರಾಜ.

"ನಿಮಗೆ ಗೊತ್ತಿಲ್ಲ. ಒಂದ್ಸಲ ಬಿಟ್ರೆ ಎಲ್ಲ ವಾಪಸ್ ಬರುತ್ತೆ."

"ಅಂಗಾದ್ರೆ ಕನಕಪುರದಲ್ಲಿ ಹೋಟ್ಲಲ್ಲಿ ತಿನ್ಕಂಡ್ ಬಾ."

"ತಿಂದ್ ಬಂದ ಬಾಯಲ್ಲಿ ಹುಳದ್ ತಾವ ಹೋಗಂಗಿಲ್ಲ," ಎಂದರು ಅತ್ತೆ, ಸೊಪ್ಪು ಕತ್ತರಿಸುತ್ತ, ತಲೆಯೆತ್ತದೆ. "ನಿನ್ನ ನಾನು ಬ್ಯಾಡ ಅಂತಿಲ್ಲ ಕಣವ್ವ. ಹುಳ ಅಣ್ಣಾಗಿ ಗೂಡು ಕಟ್ಟಿದ್ ದಿನ ಒಂದು ಹುಂಜನೇ ಕುಯ್ಸಿ ಹಾಕ್ತೀನಿ. ಅಲ್ಲೀಗಂಟ ಹೊಟ್ಟೆಗೊಸಿ ಏನಾರಾ ಹಾಕ್ಕೊ."

ನಾನು ಹಾಕಿಕೊಂಡದ್ದು ಸೌತೆಕಾಯಿ, ಹಸಿ ಕಾಯಿಚೂರು, ಬೇಯಿಸಿದ ಸೊಪ್ಪು, ಒಂದು ಹಿಡಿ ಬಾದಾಮಿ. ಅದೇ ಸಮಯಕ್ಕೆ ಮಳೆ ಬಿಡದೆ ಹುಯ್ಯತೊಡಗಿತು. ಒದ್ದೆ ಸೊಪ್ಪು ಹಾಕಿದರೆ ಹುಳುವಿಗೆ ಆಗುವುದಿಲ್ಲ. ಕೊಯ್ದ ಸೊಪ್ಪನ್ನೆಲ್ಲ ಪಡಸಾಲೆಯಲ್ಲಿ ಹರಡಿ, ಫ್ಯಾನ್ ಹಾಕಿ ಒಣಗಿಸಿ ಹಾಕಬೇಕು. ಆಳುಗಳು ಮಳೆಗೆ ಸರಿಯಾಗಿ ಬರುತ್ತಿರಲಿಲ್ಲ. ಕಾಲೇಜಿಗೆ ರಜೆ ಹಾಕಿ ನಾನೂ ನಿಂತೆ. ಬೆಳಿಗ್ಗೆ ಮಾತ್ರೆಯನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಅಂಕಿ ಇಳಿಸುತ್ತಿರುವುದು ಊಟ ಮತ್ತು ಮಾತ್ರೆ ಎರಡೂ ಸೇರಿ ಎಂದು ನನಗೆ ಗೊತ್ತಿತ್ತು. ಊಟ ಇಷ್ಟು ಕಡಿಮೆಯಾದ ಮೇಲೆ ಮಾತ್ರೆಯೊಂದೇ ಒಳಗೆ ಏನು ಮಾಡುತ್ತದೆ ಎಂಬ ಪ್ರಶ್ನೆ, ಪ್ರಶ್ನೆ ಕೇಳುವುದನ್ನೇ ಕಲಿಸಿ ಸಂಬಳ ತೆಗೆದುಕೊಳ್ಳುವ ನನ್ನ ತಲೆಗೆ ಬರಲೇ ಇಲ್ಲ.

ಅದು ಭಾನುವಾರ. ನಾಗರಾಜ ಪಾಳಿಗೆ ಹೋಗಿದ್ದ. ಅತ್ತೆ ಮಳೆ ನಿಂತ ಸ್ವಲ್ಪ ಹೊತ್ತಿನಲ್ಲಿ ಸೊಪ್ಪು ಕೊಯ್ಯಲು ತೋಟಕ್ಕೆ ಹೋದರು. ನಾನೊಬ್ಬಳೇ ಹುಳುಮನೆಯಲ್ಲಿ ಹುಳು ಮೇಯುವ ಒಂದು ಅಟ್ಟಣೆಯಿಂದ ಇನ್ನೊಂದಕ್ಕೆ ಸೊಪ್ಪು ಹರಡುತ್ತಿದ್ದೆ. ಹುಳು ಮೇಯುವ ಸದ್ದಿಗೂ ಮಳೆಯ ಸದ್ದಿಗೂ ವ್ಯತ್ಯಾಸ ತಿಳಿಯದಂತಾಯಿತು. ಮಳೆ ಮತ್ತೆ ಬಂತೇನೋ ಎಂದು ಕಿಟಕಿಯ ಕಡೆ ನೋಡಿದರೆ ಬಿಸಿಲಿತ್ತು. ಬೆನ್ನಿನ ಮೇಲೆ ತಣ್ಣನೆಯ ಬೆವರು ಇಳಿಯಿತು. ಕೈಯಲ್ಲಿದ್ದ ಸೊಪ್ಪಿನ ಕಟ್ಟು ಅದುರುತ್ತಿತ್ತು. ಯಾಕೋ ಅತ್ತೆಯ ಮೇಲೆ, ನಾಗರಾಜನ ಮೇಲೆ, ಆ ಮೇಯುವ ಬಾಯಿಗಳ ಮೇಲೆ ಅಳು ಬರುವಷ್ಟು ಸಿಟ್ಟು ಬಂತು. ತುಟಿಯ ಸುತ್ತ ಜುಮ್ಮೆನ್ನುತ್ತಿತ್ತು.

ಅಪ್ಪನ ಮನೆಯಲ್ಲಿ ನಾವೆಲ್ಲ ಕಲಿತಿದ್ದ ಪಾಠ ಒಂದೇ. ಸಕ್ಕರೆ ಕಾಯಿಲೆಯವರಿಗೆ ತಲೆ ಸುತ್ತಿತು ಎಂದರೆ ಸಕ್ಕರೆ ಏರಿದೆ ಎಂದರ್ಥ. ಅಪ್ಪ ಹಣೆ ಹಿಡಿದುಕೊಂಡು ಕೂತರೆ ಅಮ್ಮ ಬೆಲ್ಲದ ಡಬ್ಬಿಯನ್ನು ಅಟ್ಟದ ಮೇಲಿಟ್ಟು ಹಾಗಲಕಾಯಿ ರಸ ಹಿಂಡುತ್ತಿದ್ದಳು. ಇಳಿಯುವುದೂ ಉಂಟು, ಇಳಿದರೆ ಇನ್ನೂ ಬೇಗ ಕೊಲ್ಲುತ್ತದೆ ಎಂದು ಆ ಮನೆಯಲ್ಲಿ ಯಾರೂ ಆಡಿದ್ದನ್ನು ನಾನು ಕೇಳಿಲ್ಲ. ಏರಿಬಿಟ್ಟಿದೆ, ಇಷ್ಟು ದಿನ ಹಸಿದದ್ದೆಲ್ಲ ನೀರಲ್ಲಿ ಹೋಯಿತು, ಇನ್ನು ಬೆರಳು, ಆಮೇಲೆ ಪಾದ. ಗೋಡೆ ಹಿಡಿದುಕೊಂಡು ಮನೆಯೊಳಗೆ ಹೋದೆ. ಬೆರಳು ಚುಚ್ಚುವ ಯಂತ್ರ ಗೋಡೆಯ ಗೂಡಿನಲ್ಲಿ ಕಣ್ಣೆದುರಿಗೇ ಇತ್ತು. ಕೈ ಚಾಚಿದೆ. ತೆಗೆದುಕೊಳ್ಳಲಿಲ್ಲ. ಅದರಲ್ಲಿ ಏನು ಕಾಣುತ್ತದೋ ಎಂಬುದನ್ನು ತಡೆಯುವ ಶಕ್ತಿ ನನ್ನಲ್ಲಿರಲಿಲ್ಲ. ಅದರ ಪಕ್ಕದ ಮಾತ್ರೆಯ ಹಾಳೆಯಿಂದ ಇನ್ನೊಂದು ಮಾತ್ರೆ ಒಡೆದು ನುಂಗಿದೆ. ನೀರು ಕುಡಿದೆ. ಹುಳುವಿಗೆ ಸೊಪ್ಪು ತಡವಾಗುತ್ತದೆ ಎಂದು ಮತ್ತೆ ಮದ್ದಿನ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋದೆ.

ಇಲ್ಲಿಂದ ಮುಂದೆ ನನ್ನದಲ್ಲ. ಅತ್ತೆ ಹೇಳಿದ್ದು, ಕೆಂಪಣ್ಣ ಹೇಳಿದ್ದು, ಅವರಿಬ್ಬರ ಮಾತು ಕೂಡದ ಕಡೆ ನಾನು ಸೇರಿಸಿಕೊಂಡದ್ದು.

ಅತ್ತೆ ಸೊಪ್ಪಿನ ಹೊರೆ ಇಳಿಸಿ ಒಳಗೆ ಬಂದಾಗ ನಾನು ಎರಡು ಅಟ್ಟಣೆಗಳ ನಡುವೆ ಬಿದ್ದಿದ್ದೆ. ಮೈಮೇಲೆ ಸೊಪ್ಪು, ಸೊಪ್ಪಿನ ಮೇಲೆ ಹುಳು. ನಾನು ಬದುಕಿರುವುದನ್ನು ಕಂಡದ್ದು ಹೇಗೆ ಎಂದು ಕೇಳಿದರೆ, "ನಿನ್ನ ಎದೆ ಮ್ಯಾಲಿನ ಹುಳ ಮೇಲಕ್ಕೂ ಕೆಳಕ್ಕೂ ಆಡ್ತಿದ್ದೊ," ಎನ್ನುತ್ತಾರೆ. ಅವರು ಕೂಗಿದ ಕೂಗಿಗೆ ಕೆಂಪಣ್ಣ ಕೊಟ್ಟಿಗೆಯಿಂದ ಓಡಿಬಂದ. ಕಾಲೆಲ್ಲ ಸಗಣಿ, ಬಾಯಲ್ಲಿ ಬೀಡಿ. ಎಷ್ಟೋ ವರ್ಷದಿಂದ ಆ ಬಾಗಿಲಲ್ಲಿ ಬೈಸಿಕೊಂಡೇ ಬಂದವನು ಹೊಸಲಾಚೆ ತಾನಾಗಿ ನಿಂತುಬಿಟ್ಟನಂತೆ.

"ಅದ್ಯಾಕ್ಲಾ ಅಲ್ಲೇ ನಿಂತಿದ್ದೀಯ, ಬಾರ್ಲಾ ಒಳಕ್ಕೆ!"

"ಕಾಲು ತೊಳ್ದಿಲ್ಲ ಕಣಕ್ಕಾ..."

"ನಿನ್ ಕಾಲಿಗೆ ಬೆಂಕಿ ಬೀಳ! ಅವ್ಳ ಕಾಲು ತಣ್ಣಗಾಯ್ತಾ ಐತೆ, ಹಿಡ್ಕಳ್ಲಾ ಆ ಕಡೆ!"

ಆಟೋದ ಹಿಂಭಾಗದಲ್ಲಿ ಹುಲ್ಲು ಹಾಸಿ ಮಲಗಿಸಿದರು. ದಾರಿಯಲ್ಲಿ ಒಬ್ಬರು ಯಾರೋ ನಿಲ್ಲಿಸಿ, ಸಕ್ಕರೆ ನೀರು ಕುಡಿಸಿ ಎಂದರಂತೆ. "ಸಕ್ಕರೆ ಕಾಯ್ಲೆಯೋಳಿಗೆ ಸಕ್ಕರೆ ಉಯ್ದು ಸಾಯಿಸ್ಲಾ?" ಎಂದು ಅತ್ತೆ ಲೋಟವನ್ನು ತಳ್ಳಿಬಿಟ್ಟರಂತೆ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ನಾನು ಮಾಡಿಕೊಂಡದ್ದೂ ಅದನ್ನೇ ತಾನೇ.

ಸಾತನೂರಿನ ಆಸ್ಪತ್ರೆಯಲ್ಲಿ ನರ್ಸ್ ಬೆರಳು ಚುಚ್ಚಿ ನೋಡಿ, "ಜಾಸ್ತಿ ಆಗಿಲ್ಲಮ್ಮ, ಪೂರಾ ತಳ ಸೇರಿದೆ!" ಎಂದು ಡಾಕ್ಟರನ್ನು ಕೂಗಿದಳು. ನರಕ್ಕೆ ಗ್ಲೂಕೋಸ್ ಏರಿಸಿದರು. ನಾನು ಕಣ್ಣು ಬಿಟ್ಟಾಗ ಬಾಯಿತುಂಬ ಬೆಲ್ಲದ ರುಚಿಯಿತ್ತು, ಹಳೆಯ ಕರಿಬೆಲ್ಲ, ಸ್ವಲ್ಪ ಉಪ್ಪುಪ್ಪು. ನನ್ನ ಬಾಯಿಗೆ ಯಾರೂ ಏನೂ ಹಾಕಿರಲಿಲ್ಲ. ಇದನ್ನು ಎಷ್ಟು ಸಲ ಕೇಳಿ ಖಚಿತ ಮಾಡಿಕೊಂಡರೂ ಆ ರುಚಿ ಮಾತ್ರ ಹೋಗಿಲ್ಲ. ಹಾಗಾಗಿ ಇಲ್ಲಿ ಬರೆದ ಉಳಿದ ನೆನಪುಗಳನ್ನೂ ನೀವು ಅಷ್ಟೇ ನಂಬಬೇಕು.

ಎಚ್ಚರವಾದ ಮೇಲೆ ಮುಗಿಯಿತೆಂದುಕೊಂಡೆ. ನಿಜವಾದ ಭಯ ಶುರುವಾದದ್ದು ಆಗ. ಎರಡನೆಯ ಮಾತ್ರೆ ಇನ್ನೂ ಒಳಗಿತ್ತು. ಸಂಜೆಯ ಹೊತ್ತಿಗೆ ಮತ್ತೆ ಬೆನ್ನಿನ ಮೇಲೆ ಅದೇ ತಣ್ಣನೆಯ ಬೆವರು. ಈ ಸಲ ಅದು ಏನೆಂದು ನನಗೆ ಗೊತ್ತಿತ್ತು. ಗೊತ್ತಿದ್ದು, ಮಲಗಿಕೊಂಡು, ನನ್ನೊಳಗಿನ ದೀಪವನ್ನು ಯಾರೋ ಮೆಲ್ಲಗೆ ಸಣ್ಣ ಮಾಡುತ್ತಿರುವುದನ್ನು ನೋಡುತ್ತಿದ್ದೆ. ಗೋಡೆಯ ಬಣ್ಣ ಹೋಯಿತು, ಪಾಳಿ ಬಿಟ್ಟು ಓಡಿಬಂದಿದ್ದ ನಾಗರಾಜನ ಮುಖ ಇತ್ತು, ಅವನ ಹೆಸರು ಹೋಯಿತು. ಕೂಗಬೇಕೆಂದರೆ ನಾಲಿಗೆ ಯಾರದೋ ಆಗಿತ್ತು. ನರ್ಸ್ ಓಡಿಬಂದು ಮತ್ತೊಂದು ಬಾಟಲಿ ಏರಿಸಿದಳು. ಮಾತ್ರೆಯ ಶಕ್ತಿ ಪೂರಾ ಇಳಿಯುವವರೆಗೆ ಮನೆಗೆ ಕಳಿಸುವುದಿಲ್ಲ ಎಂದರು ಡಾಕ್ಟರು.

ಮುಂದೆ ಕನಕಪುರದ ಡಾಕ್ಟರ ಮುಂದೆ ಕೂತಾಗ ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವರು ಬೈಯಲಿಲ್ಲ. "ಊಟ ಬದಲಾಯಿಸಿದ್ದಕ್ಕೆ ನನ್ನ ತಕರಾರಿಲ್ಲ ಮೇಡಂ. ನನಗೆ ಹೇಳದೆ ಬದಲಾಯಿಸಿದ್ರಲ್ಲ, ಅದು. ಊಟ ಇಳಿದ ಹಾಗೆ ಮಾತ್ರೆನೂ ಇಳಿಸ್ಬೇಕು. ಆ ಮಾತ್ರೆಗೆ ನೀವು ಉಂಡಿದ್ದೀರೋ ಇಲ್ವೋ ಗೊತ್ತಾಗಲ್ಲ, ಅದರ ಪಾಡಿಗೆ ಅದು ಕೆಲಸ ಮಾಡುತ್ತೆ." ಆ ಮಾತ್ರೆ ನಿಲ್ಲಿಸಿ ಬೇರೆ ಬರೆದರು. ಮಾಂಸ, ಮೊಟ್ಟೆ, ತರಕಾರಿ ತಿನ್ನಿ, ಮಧ್ಯಾಹ್ನಕ್ಕೆ ನಿಂಬೆಹಣ್ಣಿಗಿಂತ ಒಂದಿಷ್ಟು ದೊಡ್ಡ ಮುದ್ದೆಯೂ ಇರಲಿ, ದಿನಾ ಬೆರಳು ಚುಚ್ಚಿ ನೋಡಿಕೊಳ್ಳಿ, ಮುಖ್ಯವಾಗಿ ತಲೆ ಸುತ್ತಿದಾಗ ನೋಡಿಕೊಳ್ಳಿ ಎಂದರು. ಅದು ಶಿಲಾಯುಗದ ಊಟವೂ ಅಲ್ಲ, ನಮ್ಮೂರಿನ ಊಟವೂ ಅಲ್ಲ. ರೇಖಾಗೆ ಹೇಳಿದಾಗ ಅವಳ ಮುಖ ಬಿಳಿಚಿತು. "ಮಾತ್ರೆ ತಗೊಳ್ತಿದ್ದೀನಿ ಅಂತ ಒಂದು ಮಾತು ಹೇಳಬಾರದಿತ್ತಾ?" ಎಂದು ಕೈ ಹಿಡಿದುಕೊಂಡು ಅತ್ತಳು.

ಹುಳುಗಳ ಗತಿ ಏನಾಯಿತೆಂದು ನಾನು ಮನೆಗೆ ಬಂದ ದಿನ ಕೇಳಲಿಲ್ಲ. ಅವು ಹಣ್ಣಾಗಿ, ಜೇನಿನ ಬಣ್ಣಕ್ಕೆ ತಿರುಗಿ, ಬಿದಿರಿನ ಚಂದ್ರಿಕೆ ತಟ್ಟಿಗಳ ಮೇಲೆ ಗೂಡು ಕಟ್ಟುತ್ತಿದ್ದವು. ಒಂದು ಅಟ್ಟಣೆ ಮಾತ್ರ ಖಾಲಿಯಿತ್ತು, ಸುಣ್ಣ ಬಳಿದು ಒಣಗಲು ಬಿಟ್ಟಿದ್ದರು. ನಾನು ಬಿದ್ದ ಜಾಗದ ಪಕ್ಕದ್ದು. ಅಲ್ಲಿನ ಹುಳು ಸಪ್ಪೆರೋಗ ತಗುಲಿ ಸತ್ತವೆಂದೂ, ಅತ್ತೆ ಒಬ್ಬರೇ ಹಿತ್ತಲಲ್ಲಿ ಗುಂಡಿ ತೆಗೆದು ಮುಚ್ಚಿದರೆಂದೂ ಕೆಂಪಣ್ಣ ಹೇಳಿದ. "ನನ್ ಕಾಲಿಂದಾನೇ ಅಂತ ಒಂದ್ ಮಾತು ಬಯ್ಲಿಲ್ಲ ನಿಮ್ಮತ್ತೆ. ಅದ್ಕೇ ಭಯ ಆಯ್ತಾ ಐತೆ ನಂಗೆ," ಎಂದ. ಮಾತು ಕೊಟ್ಟಿದ್ದ ಹುಂಜವನ್ನು ಅತ್ತೆ ಕೊಯ್ಯಿಸಿದರು. ಸಾರಿನ ಜೊತೆ ಸಣ್ಣ ಮುದ್ದೆಯೊಂದನ್ನು ಕಟ್ಟಿ ತಟ್ಟೆಗಿಟ್ಟರು. ನಾನು ಅದನ್ನು ಮುರಿಯಲಾರದೆ ಕೂತೆ. ತಿಂದರೆ ಏರುತ್ತದೆ, ತಿನ್ನದಿದ್ದರೆ ಇಳಿಯುತ್ತದೆ. ಮೊದಲು ಒಂದು ಕಡೆಯಿಂದ ಬರುತ್ತಿದ್ದ ಭಯ ಈಗ ಎರಡೂ ಕಡೆಯಿಂದ ಬಂದು ತಟ್ಟೆಯ ನಡುವೆ ಕೂತಿತ್ತು. ಸಾರು ಆರಿದ ಮೇಲೆ ಉಂಡೆ.

ಆಮೇಲಿನ ದಿನಗಳಲ್ಲಿ ಬೆಳಿಗ್ಗೆ ನಾನು ಬೆರಳು ಚುಚ್ಚಿಕೊಳ್ಳುವಾಗ ಅತ್ತೆ ಹಾಲು ಕರೆದು ಬಂದು ಹತ್ತಿರ ಕೂರತೊಡಗಿದರು. ಮೊದಮೊದಲು ನನ್ನನ್ನು ಕಾಯುತ್ತಿದ್ದಾರೆ ಎಂದುಕೊಂಡೆ. ಅವರು ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ, ಯಂತ್ರವನ್ನು. ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸಿ, ಮಳೆಯೂ ಹಿಂದೆ ಸರಿದ ಒಂದು ಬೆಳಿಗ್ಗೆ ಕೈ ಮುಂದೆ ಚಾಚಿದರು.

"ನಂದೂ ಒಂದ್ಸಲ ಚುಚ್ಚು."

"ಯಾಕತ್ತೆ?"

"ಸುಮ್ಕೆ."

ಸೊಪ್ಪು ಕೊಯ್ದು ಕೊಯ್ದು ಬೆರಳ ತುದಿ ತೊಗಲಿನಂತಾಗಿತ್ತು, ಮೊದಲ ಸಲ ಸೂಜಿ ಇಳಿಯಲಿಲ್ಲ. ಎರಡನೆಯ ಸಲ ರಕ್ತ ಬಂತು. ಯಂತ್ರ ತೋರಿಸಿದ ಅಂಕಿ ನನ್ನದು ಅತ್ಯಂತ ಕೆಟ್ಟಿದ್ದ ದಿನಕ್ಕಿಂತಲೂ ಬಹಳ ಮೇಲಿತ್ತು.

"ಎಷ್ಟೈತೆ?"

ಕಡಿಮೆ ಹೇಳಿಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಇದ್ದದ್ದನ್ನೇ ಹೇಳಿದೆ.

"ಬಾಳ ಆಯ್ತಾ ಅದು?"

"ಬಹಳ ಅತ್ತೆ."

ಅವರು ಬೆರಳನ್ನು ಸೆರಗಿನಲ್ಲಿ ಒತ್ತಿ ಹಿಡಿದರು. "ನಂಗೊತ್ತಿತ್ತು ಕಣವ್ವ," ಎಂದರು. "ಪಾದ ಜುಮ್ಮನ್ನಕೆ ಸುರುವಾಗಿ ಯಾವ ಕಾಲ ಆಯ್ತೋ. ಆಸ್ಪತ್ರೇಲಿ ನಿಮ್ಮಪ್ಪನ್ನ ನೋಡ್ಕಂಡ್ ಬಂದ್ನಲ್ಲ, ಅವತ್ತಿಂದ ಬಾಯಿ ಬುಟ್ಟಿಲ್ಲ. ಚುಚ್ಚುಸ್ಕಂಡ್ರೆ ತಾನೇ ನಿಜ ಆಗೋದು ಅಂದ್ಕಂಡು..."

ಇಷ್ಟು ಕಾಲ ಒಂದೇ ಒಲೆಯ ಎರಡು ಬದಿಗೆ ಕೂತು ನಾವಿಬ್ಬರೂ ಒಂದೇ ಕಾಲಿಗೆ ಹೆದರಿದ್ದೆವು.

"ಈಗೇನ್ ತಿನ್ಲಿ ನಾನು?" ಎಂದರು. ನಲವತ್ತಕ್ಕೂ ಹೆಚ್ಚು ವರ್ಷ ಆ ಮನೆಯವರಿಗೆಲ್ಲ ಬಡಿಸಿದ ಹೆಂಗಸು ಕೇಳಿದ ಪ್ರಶ್ನೆ ಅದು. ಒಲೆಯ ಮೇಲೆ ಮುದ್ದೆಗೆಂದು ಎಸರು ಕುದಿಯುತ್ತಿತ್ತು. ಬಾದಾಮಿ, ಮೊಟ್ಟೆ, ಸೌತೆಕಾಯಿ ಎಂದು ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ. ಒಲೆ ಆರಿಸಿ, "ಮೊದಲು ಡಾಕ್ಟರ ಹತ್ರ ಹೋಗೋಣ. ತಿನ್ನೋದು ಆಮೇಲೆ," ಎಂದೆ.

ಅತ್ತೆ ಎದ್ದು ಸೀರೆ ಬದಲಾಯಿಸಿ ಬಂದರು. ಬಾಗಿಲಲ್ಲಿ ನಿಂತು, ಯಾರಿಗೂ ಕೇಳಬಾರದೆಂಬಂತೆ ತಗ್ಗಿದ ದನಿಯಲ್ಲಿ, "ಅವ್ರು ಹೇಳುವಾಗ ನೀನು ಒಳಗೇ ಇರ್ಬೇಕು. ಆಚೆ ಕಳ್ಸುದ್ರೂ ಹೋಗ್ಬ್ಯಾಡ," ಎಂದರು.